ಅಕ್ಕನ ಕೊಡೆ ಹೇಗೆ ಬಗ್ಗಿತೆಂದು ಹೇಳುವಂತಿಲ್ಲ

೧
ಮನುಕುಲದ ಮುಂದೆ ಈ ಹೊತ್ತು ಒಂದು ಗಹನವಾದ ಪ್ರಶ್ನೆಯಿದೆ. ಕೊಡೆ ಹೇಗೆ ಬಗ್ಗಿತೆಂದು ಹೇಳದೆ, ಅದನ್ನು ಹೇಗೆ ನೆಟ್ಟಗೆ ಮಾಡಿದೆ ಎಂದು ಹೇಳಬಹುದೇ?

ನಗಬೇಡಿ. ಹಳೇ ಕೊಡೆ ರಿಪೇರಿ ನನ್ನ ಹವ್ಯಾಸ. ಅದಕ್ಕೊಂದು ಬ್ಲಾಗೂ ಉಂಟು. ಓದುವವರು ಬೆರಳೆಣಿಕೆಯ ಮಂದಿ, ಆದರೆ ಕೊಡೆಯ ಕಡ್ಡಿ ಕಡ್ಡಿಯನ್ನೂ ಬಲ್ಲವರು. ಕಥೆ ಇಲ್ಲಿಂದ ಶುರುವಾಗಬೇಕೋ, ಅಕ್ಕ ನನ್ನ ಅಡುಗೆಮನೆಗೆ ಬಂದು ಗದರಿದಲ್ಲಿಂದಲೋ? ಅಲ್ಲಿಂದಲೇ ಆಗಲಿ, ಅಲ್ಲಿ ಮಾತಾದರೂ ಇದೆ.

೨
"ನನ್ನ ಹೆಸರು ಹಾಕಿಲ್ಲ ತಾನೆ?"

"ಇಲ್ಲಕ್ಕ. 'ಬಂಧುವೊಬ್ಬರ ಕೊಡೆ, ಗಾಳಿಗೆ ಸಿಕ್ಕಿ ಬಗ್ಗಿದೆ' ಅಂತ ಬರೆದು ಫೋಟೋ ಹಾಕ್ದೆ, ಅಷ್ಟೆ."

"ನಿನ್ನನ್ನ ಮಾತಾಡಿಸೋ ಬಂಧು ನಾನೊಬ್ಬಳೇ ಕಣೋ."

(ಇದು ಅನ್ಯಾಯದ ಮಾತು. ನಿಜ ಕೂಡ.)

೩
ಹಿನ್ನೆಲೆ ಬೇಡವೇ ಬೇಡ ಎನ್ನುತ್ತಾಳೆ ಅಕ್ಕ. ಮೆಲ್ಲಗೆ ಹೇಳಿಬಿಡುತ್ತೇನೆ.

ಅಕ್ಕ ಭಾವ ಬೇರೆಯಾದಾಗ ಫ್ರಿಜ್ ಇವಳಿಗೆ, ಸೋಫಾ ಅವರಿಗೆ ಎಂದಾಯಿತು. ಬೆಕ್ಕಿನ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಅದು ಭಾವನ ಬಳಿ ಉಳಿಯಿತು. ಒಂದು ಮಧ್ಯಾಹ್ನ ಭಾವ ಆಫೀಸಿನಲ್ಲಿದ್ದಾಗ ಅಕ್ಕ ಅವರ ಮನೆಯ ತೆರೆದ ಕಿಟಕಿಯ ಹೊರಗೆ ನಿಂತು, ಮುಚ್ಚಿದ ಕೊಡೆಯನ್ನು ತುದಿಯಲ್ಲಿ ಹಿಡಿದು, ಬಾಗಿದ ಹಿಡಿಯನ್ನು ಬೆಕ್ಕಿನ ಬುಟ್ಟಿಗೆ ಸಿಕ್ಕಿಸಿ ಎಳೆದಳು. ಬೆಕ್ಕು ಬುಟ್ಟಿಯೊಳಗೇ ಇತ್ತು; ಅದನ್ನೆತ್ತಿಕೊಂಡು ಬುಟ್ಟಿಯನ್ನು ಒಳಗೇ ಬಿಟ್ಟಳು.

ಬೆಕ್ಕು ತಾನಾಗೇ ಓಡಿಹೋಯಿತೆಂದುಕೊಂಡು ಭಾವ ಬೀದಿಕಂಬಗಳಿಗೆಲ್ಲ ಅದರ ಫೋಟೋ ಅಂಟಿಸಿದರು. ಅಕ್ಕ ಕೆಲಸಕ್ಕೆ ತಲೆತಗ್ಗಿಸಿಕೊಂಡು ಹೋಗುತ್ತಾಳೆ. ಇತ್ತ ಬೆಕ್ಕು ಅವಳ ಮನೆಯಲ್ಲಿ ತಿಂಡಿ ಮೂಸಿ ಮುಖ ತಿರುಗಿಸುತ್ತಿದೆ.

(ನನ್ನ ಬ್ಲಾಗಿನ ಮೊಟ್ಟಮೊದಲ ಓದುಗರು ಭಾವ. ಇದನ್ನು ಮೊದಲೇ ಹೇಳಬೇಕಿತ್ತು.)

೪
'ಕಡ್ಡಿ ಪೈಲ್ವಾನ' ಎಂಬ ಓದುಗ ಕಾಮೆಂಟ್ ಹಾಕಿದ: "ಸಾರ್, ಇದು ಗಾಳಿಯ ಕೆಲಸ ಅಲ್ಲ. ಗಾಳಿ ಕೊಡೆಯನ್ನು ಉಲ್ಟಾ ಮಾಡುತ್ತೆ. ಇಲ್ಲಿ ಕಡ್ಡಿಗಳೆಲ್ಲ ಒಂದೇ ಕಡೆ ಬಾಗಿವೆ. ಮುಚ್ಚಿದ ಕೊಡೆಯಿಂದ ಯಾರೋ ಏನನ್ನೋ ಎಳೆದಿದ್ದಾರೆ. ಹಿಡಿ ಮೇಲೆ ಉಗುರಿನ ಗೀರುಗಳಿವೆ. ಎಳೆಸಿಕೊಂಡವರಿಗೆ ಮನಸ್ಸಿರಲಿಲ್ಲ."

೫
"ಅಳಿಸು," ಅಂದಳು ಅಕ್ಕ.

"ಅಳಿಸಿದ್ರೆ ಅನುಮಾನ ಜಾಸ್ತಿ."

"ನಿಮ್ಮ ಭಾವ ನೋಡಿದ್ರೆ ಬೆಕ್ಕು ವಾಪಸ್ ಹೋಗುತ್ತೆ. ಆಮೇಲೆ ನನ್ನ ಮನೆಯಲ್ಲಿ ನಾನೂ ಫ್ರಿಜ್ಜೂ ಮುಖ ಮುಖ ನೋಡ್ಕೊಂಡು ಕೂತಿರಬೇಕು. ಅದ್ಸರಿ, ಈಗೇನು ಟೈಪ್ ಮಾಡ್ತಿದೀಯ?"

"ಕಥೆ."

"ಅದರಲ್ಲಿ ನಾನಿದೀನಾ?"

"ಒಬ್ಬ ಅಕ್ಕ ಇದಾಳೆ."

"ಬೆಕ್ಕನ್ನಾದ್ರೂ ನಾಯಿ ಮಾಡೋ."

(ಮಾಡಿ ನೋಡಿದೆ. ಬುಟ್ಟಿಯಲ್ಲಿ ಹಿಡಿಸಲಿಲ್ಲ.)

೬
ಅಂತ್ಯಗಳು. ಬೇಕಾದ್ದು ಆರಿಸಿಕೊಳ್ಳಿ.

ಅ) ಭಾವ ಪೊಲೀಸರಿಗೆ ದೂರು ಕೊಟ್ಟರು, ಕೊಡೆ ಸಾಕ್ಷ್ಯವಾಗಿ ಜಪ್ತಿಯಾಯಿತು. (ರಿಪೇರಿ ಅರ್ಧಕ್ಕೆ ನಿಂತೀತು. ಬೇಡ.)

ಆ) ಭಾವ ಮಳೆಯಲ್ಲಿ ಕೊಡೆಯಿಲ್ಲದೆ ಬಂದು ಬಾಗಿಲು ತಟ್ಟಿದರು. (ಸಿನಿಮಾದವರು ಕೇಳಿದರೆ ಕೊಡುತ್ತೇನೆ.)

ಇ) ನಡೆದದ್ದು. ಪೈಲ್ವಾನನ ಕಾಮೆಂಟಿನ ಕೆಳಗೆ ಭಾವ ಬರೆದರು: "ಕೆಲಸ ಅಚ್ಚುಕಟ್ಟಾಗಿದೆ. ಒಣ ತಿಂಡಿ ತಿನ್ನೋಲ್ಲ. ಬೆಚ್ಚಗಿನ ನೀರಲ್ಲಿ ನೆನೆಸಿ ಕೊಡಬೇಕು. ಗುಡುಗಿದರೆ ಬೀರು ಹತ್ತಿ ಕೂರುತ್ತೆ, ಗಾಬರಿ ಬೇಡ."

ಅದರ ಕೆಳಗೆ ಪೈಲ್ವಾನ: "ಸಾರ್, ಯಾವ ಕಂಪನಿ ಕೊಡೆ ಇದು?"

ಅಕ್ಕ ಭಾವನ ಕಾಮೆಂಟನ್ನು ಓದಿದಳು. ಮತ್ತೊಮ್ಮೆ ಓದಿದಳು. "ನಂಗೆ ಹೇಳಿರಲೇ ಇಲ್ಲ ನೋಡು, ನೆನೆಸಬೇಕು ಅಂತ," ಎಂದು ಗೊಣಗಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಆ ಸಂಜೆ ಬೆಕ್ಕು ತಿಂದಿತು.

೭
ಅವಳು ಫೋನ್ ಮಾಡಿದಳೇ? ಅವರು ಎತ್ತಿದರೇ? ನನಗೆ ಗೊತ್ತು, ಹೇಳುವುದಿಲ್ಲ. ಭಾವನ ಕಾಮೆಂಟನ್ನು ಬ್ಲಾಗಿನಿಂದ ತೆಗೆದಿದ್ದೇನೆ. ಇಲ್ಲಿ ಉಳಿಸಿಕೊಳ್ಳಲು ಅಕ್ಕ ಒಪ್ಪಿದ್ದಾಳೆ, ಯಾಕೆಂದು ನಾನು ಕೇಳಲಿಲ್ಲ. ಇಡೀ ಕಥೆ ಓದಿ ಕೆಲವು ಸಾಲುಗಳನ್ನು ಹೊಡೆದೂ ಹಾಕಿದ್ದಾಳೆ. ಅವು ಎಲ್ಲಿದ್ದವೆಂದು ನಿಮಗೆ ತಿಳಿಯದಿದ್ದರೆ ನನ್ನ ಕೈಕೆಲಸ ಪರವಾಗಿಲ್ಲ ಎಂದಾಯಿತು. ಕಂಬಗಳ ಮೇಲೆ ಈಗ ಫೋಟೋ ಇಲ್ಲ. ಯಾರು ಕಿತ್ತರೋ, ಅದು ಬೀದಿಯ ವಿಷಯ.

ಕೊಡೆ ಸಲೀಸಾಗಿ ಮುಚ್ಚುತ್ತದೆ.