ಕಡಿಮೆ ಓಡಿದ ಕಾರು

"ಒಸಿ ಮೆಲ್ಲಗೆ ತಳ್ರಲಾ! ಬಾಗ್ಲು ಕಂಬಕ್ಕೆ ಉಜ್ತದೆ!"

ಜಗಲಿಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದ ಕೆಂಪಯ್ಯ ಬೆಳಗಿನಿಂದ ಆಡಿದ ಮೊದಲ ಮಾತು ಅದು. ಐದಾರು ಗಂಡಸರು ಕೆಂಪು ಆಲ್ಟೊ ಕಾರನ್ನು ಅಂಗಳದಿಂದ ಹಿಂದಕ್ಕೆ ತಳ್ಳುತ್ತಿದ್ದರು. ಶಾಮಿಯಾನದವರು ಕಂಬಗಳನ್ನು ಇಳಿಸಿಕೊಂಡು ಕಾಯುತ್ತಿದ್ದರು. ಕಾರು ಸರಿಯದೆ ಅವರಿಗೆ ಜಾಗವಿರಲಿಲ್ಲ. ಕೀಲಿ ಸಿಕ್ಕಿರಲಿಲ್ಲ. ಅದು ಎಲ್ಲಿದೆಯೆಂದು ಬಲ್ಲವಳು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು, ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈತುಂಬ ಹಸಿರು ಬಳೆ.

ಮಗ ಮನೋಹರ್ ಕಿಟಕಿಯೊಳಗೆ ಕೈ ತೂರಿಸಿ ಬ್ರೇಕು ಬಿಡಿಸಿದ್ದ. ಕಾರು ಹೊಂಗೆಮರದ ನೆರಳಿಗೆ ಹೋಗಿ ನಿಂತಿತು. ಹಿಂದಿನ ಗಾಜಿಗೆ ಅಂಟಿಸಿದ್ದ ಕಾಗದ ಈಗ ಜಗಲಿಗೆ ಕಾಣುವಂತಿರಲಿಲ್ಲ. ಕಾಣದಿದ್ದರೂ ಕೆಂಪಯ್ಯನಿಗೆ ಅದು ಬಾಯಿಪಾಠ. ಲಸಿಕೆ ಕಾರ್ಡು ತುಂಬಿ ತುಂಬಿ ದುಂಡಗಾದ ಹೆಂಡತಿ ಕಾವೇರಮ್ಮನ ಅಕ್ಷರದಲ್ಲಿ: ಕಾರು ಮಾರಾಟಕ್ಕಿದೆ. ಒಬ್ಬರೇ ಓಡಿಸಿದ್ದು. ಇಪ್ಪತ್ತೊಂದು ಸಾವಿರ ಕಿಲೋಮೀಟರು ಮಾತ್ರ.

ಎರಡು ತಿಂಗಳ ಹಿಂದೆ ಎದೆನೋವು ಬಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು. ಇನ್ನು ಗಾಡಿ ಓಡಿಸಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಕಾರು ಮಾರುತ್ತೇನೆಂದು ತಾನೇ ನಿಂತಳು. ನಿನ್ನೆ ಸಂಜೆ ಅದನ್ನು ತೊಳೆದು, ಒರೆಸಿ, ಒಳಗೆ ಬಂದು, "ಎದೆ ಹಿಡ್ಕಂಡಂಗಾಯ್ತದೆ" ಎಂದು ಗೋಡೆಗೆ ಒರಗಿ ಕುಳಿತಳು. ಮನೋಹರ್ ಆಂಬುಲೆನ್ಸಿಗೆ ಫೋನು ಮಾಡಿ ಮುಗಿಸುವುದರೊಳಗೆ ಎಲ್ಲ ಮುಗಿದಿತ್ತು.

ಹತ್ತು ಗಂಟೆಯ ಹೊತ್ತಿಗೆ ದೊಡ್ಡಆಲಹಳ್ಳಿಯ ಜನವಲ್ಲದೆ ಸುತ್ತಲ ಊರುಗಳವರೂ ಬಂದು ತುಂಬಿದರು. ಮೂವತ್ತೆರಡು ವರ್ಷ ಸರ್ಕಾರಿ ನರ್ಸಾಗಿದ್ದವಳು. ಲಸಿಕೆ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಅವಳು ನಡೆಯದ ದಾರಿ ಆ ಕಡೆ ಇರಲಿಲ್ಲ.

"ನನ್ ಮೂರು ಮಕ್ಳಿಗೂ ಸೂಜಿ ಆಕ್ದೋಳು ಇವ್ಳೇ ಕನವ್ವ," ಎಂದು ಊರಿನ ದೊಡ್ಡಲಕ್ಷ್ಮಮ್ಮ, ಮನೋಹರ್‌ನ ಹೆಂಡತಿ ಪ್ರತಿಮಾಳ ಕೈ ಹಿಡಿದುಕೊಂಡು ಅತ್ತಳು. "ಮುತ್ತೈದೆಯಾಗಿ ಓದ್ಲು. ಪುಣ್ಯವಂತೆ."

ಕೆಂಪಯ್ಯ ಅದನ್ನು ಕೇಳಿಸಿಕೊಂಡ. ಅವಳ ಪುಣ್ಯದಲ್ಲಿ ತನ್ನ ಪಾಲು ಎಷ್ಟೆಂದು ಯೋಚಿಸಿದ. ಸಿಕ್ಕ ಉತ್ತರ ಅವನಿಗೆ ಹಿಡಿಸಲಿಲ್ಲ.

* * *

ಹನ್ನೊಂದು ವರ್ಷದ ಹಿಂದೆ, ಐವತ್ತೊಂದನೇ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಕಾವೇರಮ್ಮ ಕನಕಪುರದಲ್ಲಿ ಡ್ರೈವಿಂಗ್ ಕಲಿತಳು. ಒಂದು ಶುಕ್ರವಾರ ಹೊಸ ಕಾರನ್ನು ತಾನೇ ಓಡಿಸಿಕೊಂಡು ಊರೊಳಗೆ ಬಂದಳು. ಕೆಂಪಯ್ಯ ಟೀ ಅಂಗಡಿಯ ಮುಂದೆ ಕುಳಿತಿದ್ದ. ಕಾರು ಅವನ ಮುಂದೆ ನಿಂತಿತು. ಅವಳು ಬಗ್ಗಿ ಈ ಕಡೆಯ ಬಾಗಿಲು ತೆರೆದಳು.

"ಬನ್ನಿ, ಮನೆಗೋಗಾನ."

ಜೊತೆಯಲ್ಲಿದ್ದ ಹುಚ್ಚಯ್ಯ, ಚಿಕ್ಕಂದಿನ ಗೆಳೆಯ, ಗಟ್ಟಿಯಾಗಿ ನಕ್ಕ. "ಓಗ್ಲಾ ಕೆಂಪ, ಎಂಡ್ತಿ ಸವಾರಿ ಮಾಡ್ಸ್ತಾಳಂತೆ!" ಅಂಗಡಿಗೆ ಅಂಗಡಿಯೇ ನಕ್ಕಿತು.

"ನಾನ್ ಆಮೇಕೆ ಬತ್ತೀನಿ. ನೀನ್ ನಡಿ," ಎಂದ ಕೆಂಪಯ್ಯ.

ಆಮೇಲೆ ಎನ್ನುವುದು ಬರಲೇ ಇಲ್ಲ. ರಾತ್ರಿ ಊಟಕ್ಕೆ ಕುಳಿತಾಗ, "ನೀನ್ ಓಡ್ಸೋ ಕಾರಲ್ಲಿ ನಾನ್ ಕೂರಾಕಿಲ್ಲ. ಜನ ಆಡ್ಕತಾರೆ," ಎಂದುಬಿಟ್ಟ. ಅವಳು ಮುದ್ದೆಯ ಮೇಲೆ ಸಾರು ಬಿಡುತ್ತ, "ಸರಿ ಬುಡಿ," ಎಂದಳು. ಮತ್ತೆಂದೂ ಕರೆಯಲಿಲ್ಲ.

ಆದರೆ ಮಾರನೆಯ ಬೆಳಿಗ್ಗೆ ಅವಳು ಕಾರು ಹೊರಡಿಸಿ ತಿರುವು ದಾಟುತ್ತಿದ್ದಂತೆ ಕೆಂಪಯ್ಯ ಜಗಲಿಯಿಂದ ಎದ್ದ. ಕಲ್ಲು ಲಾರಿಗಳು ಓಡಾಡುವ ರಸ್ತೆ. ಅವಳಿಗೆ ಹೊಸತು. ಟಿವಿಎಸ್ ಹತ್ತಿ ಹಿಂದೆಯೇ ಹೊರಟ. ಅವಳಿಗೆ ಕಾಣದಷ್ಟು ದೂರ ಬಿಟ್ಟು, ತನಗೆ ಕಾಣುವಷ್ಟು ಹತ್ತಿರ ಇಟ್ಟುಕೊಂಡು ಕನಕಪುರ ಮುಟ್ಟಿದ. ಅವಳು ಆಸ್ಪತ್ರೆಯ ಗೇಟಿನೊಳಗೆ ಹೋದದ್ದನ್ನು ನೋಡಿ ಹಿಂತಿರುಗಿದ.

ಸಂಜೆ ಅವಳು ಕೇಳಿದಳು. "ಬೆಳಿಗ್ಗೆ ಎಲ್ಲೋಗಿದ್ರಿ?"

"ಗೊಬ್ರದಂಗ್ಡಿಗೆ."

ಹನ್ನೊಂದು ವರ್ಷ, ವಾರಕ್ಕೊಮ್ಮೆ ಅವಳು ಕನಕಪುರಕ್ಕೆ ಕಾರು ತೆಗೆದಾಗಲೆಲ್ಲ, ಆ ಗೊಬ್ಬರದಂಗಡಿ, ಅದು ಇಲ್ಲವಾದರೆ ರೇಷ್ಮೆಗೂಡಿನ ಮಾರ್ಕೆಟ್ಟು, ಅದೂ ಇಲ್ಲವಾದರೆ ಯಾರದೋ ನೆಂಟರ ಮನೆ. ಅವಳಿಗೆ ಒಮ್ಮೆಯೂ ಅನುಮಾನ ಬರಲಿಲ್ಲವೆಂದು ಕೆಂಪಯ್ಯ ನಂಬಿದ್ದ.

ಒಂದು ಆಷಾಢದಲ್ಲಿ ದಾರಿಯ ಮಧ್ಯೆ ಜೋರು ಮಳೆ ಹೊಡೆಯಿತು. ಅವನು ಹುಣಸೆಮರದ ಕೆಳಗೆ ನಿಂತ. ಮುಂದೆ ಒಂದು ಹೊಲದಷ್ಟು ದೂರದಲ್ಲಿ ಅವಳ ಕಾರೂ ನಿಂತಿತು. ಅರ್ಧ ಗಂಟೆ ಮಳೆ ನಿಲ್ಲಲಿಲ್ಲ; ಕಾರೂ ಕದಲಲಿಲ್ಲ. ವೈಪರ್ ಕೆಟ್ಟಿರಬೇಕು ಎಂದುಕೊಂಡ. ಮಾರನೆಯ ದಿನ ಅವಳಿಲ್ಲದಾಗ ಮೆಕ್ಯಾನಿಕ್ಕನ್ನು ಕರೆದು ತೋರಿಸಿದ. ವೈಪರ್ ಚೆನ್ನಾಗಿಯೇ ಇತ್ತು.

* * *

ಹೆಣಕ್ಕೆ ನೀರು ಹಾಕಿ, ಮದುವೆಯ ರೇಷ್ಮೆಸೀರೆ ಉಡಿಸಿ, ಮಲ್ಲಿಗೆ ಮುಡಿಸಿ ಶಾಮಿಯಾನದ ಕೆಳಗೆ ತಂದು ಕೂರಿಸುವ ಹೊತ್ತಿಗೆ ಆಟೊ ಒಂದು ಬಂದು ನಿಂತಿತು. ಇಳಿದವಳು ಮೂವತ್ತೈದರ ಹೆಂಗಸು, ತಲೆಯ ಮೇಲೆ ದುಪ್ಪಟ್ಟ, ಕೈಯಲ್ಲಿ ಸಿಹಿತಿಂಡಿಯ ಡಬ್ಬ. ನಾಲ್ಕು ಹೆಜ್ಜೆ ನಗುನಗುತ್ತ ಬಂದಳು. ಶಾಮಿಯಾನ ಕಂಡಿತು, ಅದರ ಕೆಳಗಿದ್ದವಳ ಮುಖ ಕಂಡಿತು. ನಿಂತಲ್ಲೇ ನಿಂತಳು. ಡಬ್ಬವನ್ನು ಮೆಲ್ಲಗೆ ದುಪ್ಪಟ್ಟದೊಳಗೆ ಸೇರಿಸಿಕೊಂಡಳು.

ಮನೋಹರ್ ಎದ್ದು ಹೋದ. "ಯಾರಮ್ಮ ನೀವು?"

"ಬದ್ರುನ್ನೀಸಾ ಅಂತ ಅಣ್ಣ, ಚನ್ನಪಟ್ಟಣದಿಂದ. ಕಾರ್ ತಗಂಡಿರೋದು ನಾನೇ. ಇವತ್ತು ಬಂದು ತಗಂಡೋಗು ಅಂತ ಅಮ್ಮ ಯೋಳಿದ್ರು. ನಂಗೆ..."

"ಎಣ ಅಂಗಳದಲ್ಲೈತೆ, ಕಾರ್ ಕೇಳಾಕ್ ಬಂದವ್ಳಲ್ಲ," ಎಂದು ಹುಚ್ಚಯ್ಯ ಗೊಣಗಿದ.

"ಕಾರ್ ಬ್ಯಾಡ ಅಣ್ಣ. ಅಮ್ಮನ್ನ ನೋಡ್ಕಂಡು ಓಗ್ತೀನಿ, ಅಷ್ಟೇ."

ಕೆಂಪಯ್ಯ ಕೈಸನ್ನೆ ಮಾಡಿ ಅವಳಿಗೆ ದಾರಿ ಬಿಡಿಸಿದ. ಈ ಎರಡು ತಿಂಗಳಲ್ಲಿ ಎಷ್ಟೋ ಜನ ಕಾರು ನೋಡಲು ಬಂದಿದ್ದರು. ಬಾಡಿಗೆಗೆ ಬಿಡುತ್ತೇನೆಂದವನಿಗೆ ಕಾವೇರಮ್ಮ ಕಾಫಿ ಕೊಟ್ಟು ಕಳಿಸಿದಳು. ಗ್ಯಾಸ್ ಕಿಟ್ ಹಾಕಿಸುತ್ತೇನೆಂದವನಿಗೆ ಕಾಫಿಯನ್ನೂ ಕೊಡಲಿಲ್ಲ. ಇವಳಿಗೆ ಮಾತ್ರ ಒಂದೇ ಭೇಟಿಯಲ್ಲಿ ಒಪ್ಪಿಕೊಂಡು, ಸೋಮವಾರವೇ ಕಾಗದಗಳಿಗೆಲ್ಲ ರುಜು ಹಾಕಿದ್ದಳು. ಅವತ್ತು ಕೆಂಪಯ್ಯ ಮನೆಯಲ್ಲಿರಲಿಲ್ಲ. ಇವಳೇ ಯಾಕೆ ಎಂದು ಆಮೇಲೆ ಕೇಳಲೂ ಇಲ್ಲ.

ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಗುಂಡಿ ತೆಗೆದಿದ್ದರು. ಕೆಂಪಯ್ಯ ಎರಡು ಹಿಡಿ ಮಣ್ಣು ಹಾಕಿದ. ಮೂರನೆಯ ಹಿಡಿಯನ್ನು ಮಾತ್ರ ಬಿಡಲಾರದೆ ತುಸು ಹೊತ್ತು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದ. ಮನೋಹರ್ ತೋಳು ಮುಟ್ಟಿದ ಮೇಲೆ ಬಿಟ್ಟ.

* * *

ಸ್ನಾನ ಮಾಡಿ, ಅವಳು ಒರಗಿ ಕುಳಿತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪವನ್ನು ನೋಡಿ, ಕೆಂಪಯ್ಯ ಹೊರಗೆ ಬಂದಾಗ ಜನ ಕರಗಿದ್ದರು. ಬದ್ರುನ್ನೀಸಾ ಹೊಂಗೆಮರದ ಬುಡದಲ್ಲಿ ಒಬ್ಬಳೇ ಬಸ್ಸಿನ ಹೊತ್ತಿಗೆ ಕಾಯುತ್ತಿದ್ದಳು. ಅವನನ್ನು ಕಂಡು ಎದ್ದಳು.

"ಕೂತ್ಕ ಕಣವ್ವ." ಅವನೂ ಬೇರಿನ ಮೇಲೆ ಕುಳಿತ. "ಏನ್ ಮಾತಾಡಿದ್ಲು ನಿನ್ನತ್ರ?"

"ನಮ್ಮಮ್ಮಂಗೆ ಡಯಾಲಿಸಿಸ್ ಅಪ್ಪಾಜಿ, ವಾರಕ್ಕೆ ಮೂರ್ ಸಲ. ಬಸ್ಸಲ್ಲಿ ಬಂದ್ರೆ ವಾಂತಿ ಮಾಡ್ಕತಾರೆ. ನಾನೇ ಡ್ರೈವಿಂಗ್ ಕಲ್ತೆ ಅಂದೆ. ಅದ್ನ ಕೇಳಿ ಈ ಅಮ್ಮಂಗೆ ಕುಸಿಯಾಯ್ತು." ಅವಳು ತಡೆದು ತಡೆದು ಹೇಳಿದಳು. "ನಾನೊಂದು ತಪ್ಪು ಮಾಡ್ಬುಟ್ಟೆ. ಇಷ್ಟು ವರ್ಷದ ಗಾಡಿ, ಇಷ್ಟೇನಾ ಓಡಿರೋದು, ಮೀಟರ್ ಏನಾದ್ರೂ ತಿರುಗ್ಸಿದೀರಾ ಅಂತ ಕೇಳ್ಬುಟ್ಟೆ."

"ಬಯ್ದ್ಲಾ?"

"ಇಲ್ಲ, ನಕ್ಬುಟ್ರು. ನಮ್ಮನೆಯೋರ ಟಿವಿಎಸ್ ಎಲ್ಲಿಗಂಟ ಬತ್ತದೋ ಅಲ್ಲಿಗಂಟ ನನ್ ಕಾರು ಓಗ್ತದೆ ಅಂದ್ರು."

ಕೆಂಪಯ್ಯ ಮುಖ ಎತ್ತಿದ.

"ನಲವತ್ರ ಮ್ಯಾಲೆ ಓಡಿಸ್ನೇ ಇಲ್ವಂತೆ. ನಾನ್ ಜೋರಾಗ್ ಓದ್ರೆ ಅವ್ರೂ ಜೋರಾಗ್ ಬತ್ತಾರೆ, ಅವ್ರಿಗೆ ಸೊಂಟನೋವು ಅಂದ್ರು. ನಮ್ಮೂರ್ ಪಕ್ಕ ದೊಡ್ಡಮಳೂರು ಐತಲ್ಲ, ಅಲ್ಲಿ ಅಂಬೆಗಾಲ್ ಕೃಷ್ಣನ್ನ ನೋಡ್ಬೇಕು ಅಂತ ಬಾಳ ಆಸೆ ಇತ್ತಂತೆ. ಬನ್ನಿ ಅಮ್ಮ, ನಾನೇ ಕರ್ಕಂಡೋಗ್ತೀನಿ ಅಂದೆ. ಅಷ್ಟು ದೂರ ಅವ್ರು ಟಿವಿಎಸ್‌ನಲ್ಲಿ ಎಂಗ್ ಬತ್ತಾರೆ, ಬ್ಯಾಡ ಬುಡು ಅಂದ್ರು."

ಮರದಲ್ಲಿ ಗಾಳಿ ಆಡಿತು. ಕೆಂಪಯ್ಯ ಕಾರಿನ ಕಡೆ ನೋಡಿದ. ಆ ಆಷಾಢದ ಮಳೆ, ಗಾಜು ಮುಚ್ಚಿಕೊಂಡು ರಸ್ತೆಯ ಪಕ್ಕ ಅರ್ಧ ಗಂಟೆ ನಿಂತ ಕಾರು, ಅದರೊಳಗೆ ಒಬ್ಬಳೇ ಕುಳಿತು ಹುಣಸೆಮರದಡಿ ನಿಂತ ಗಂಡನಿಗಾಗಿ ಮಳೆ ನಿಲ್ಲಲೆಂದು ಕಾದವಳು. ಅವಳು ಇಳಿದು ಬಂದು ಕರೆಯಬಹುದಿತ್ತು. ಕರೆದಿದ್ದರೆ ಗಂಡ ಸಿಕ್ಕಿಬೀಳುತ್ತಿದ್ದನೆಂದು ಅವಳಿಗೆ ಗೊತ್ತಿತ್ತು. ಅಷ್ಟಕ್ಕೂ ತಾನೇ ಓಡಿ ಹೋಗಿ ಬಾಗಿಲು ತೆಗೆಯಬಹುದಿತ್ತು. ಎಷ್ಟು ದೂರ ಅದು? ಕೂಗಿದರೆ ಕೇಳುವಷ್ಟು.

"ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕಂಡೋಗೋದು ಯಾವಾಗ?" ಎಂದ ಕಡೆಗೆ.

"ನಾಳೆ ಬೆಳಿಗ್ಗೆ. ನಡೀತದೆ ಅಪ್ಪಾಜಿ, ಬಸ್ಸಲ್ಲೇ ಓಗ್ತೀವಿ. ತಿಥಿ ಎಲ್ಲ ಮುಗೀಲಿ, ಆಮೇಲ್ ಬತ್ತೀನಿ."

ಕೆಂಪಯ್ಯ ಎದ್ದು ಮಗನನ್ನು ಕರೆದ. "ಕೀಲಿ ಸಿಕ್ತೇನ್ಲಾ?"

ಪ್ರತಿಮಾಗೆ ಅತ್ತೆಯ ಮಾತ್ರೆಯ ಡಬ್ಬಿಯಲ್ಲಿ ಅದು ಸಿಕ್ಕಿತ್ತು. ಮನೋಹರ್ ಕೊಡಲು ಹಿಂದೆಮುಂದೆ ನೋಡಿದ. "ಇವತ್ತೇ ಯಾಕಪ್ಪ? ಅವ್ವನ್ ಮಣ್ ಮಾಡಿ ಇನ್ನೂ ಗಂಟೆಯಾಗಿಲ್ಲ. ಅವ್ವನ್ ನೆನಪಿಗೆ ಅಂತ ಅದೊಂದಾದ್ರೂ..."

"ನಿಮ್ಮವ್ವ ಮಾತ್ ಕೊಟ್ಟವ್ಳೆ ಕಣ್ಲಾ. ಇವತ್ತು ಅಂದವ್ಳೆ. ನಾವು ಇವತ್ತೇ ಕೊಡ್ಬೇಕು."

ಮನೋಹರ್ ಕೀಲಿಯನ್ನು ಬದ್ರುನ್ನೀಸಾಳ ಅಂಗೈಗೆ ಹಾಕಿ ಮುಖ ತಿರುಗಿಸಿಕೊಂಡ. ಕೆಂಪಯ್ಯ ಹಿಂದಿನ ಗಾಜಿನ ಕಾಗದವನ್ನು ಉಗುರಿನಿಂದ ಬಿಡಿಸಿ, ಮಡಿಸಿ ಜೇಬಿಗಿಟ್ಟುಕೊಂಡ.

"ತೋಟದ ಓಣಿ ಇಕ್ಕಟ್ಟು. ಎಡಗಡೆ ಕಾಲ್ವೆ ಐತೆ, ಉಸಾರು," ಎಂದ. "ನಿಂಗ್ ಒಸ್ದು. ಮೇನ್ ರೋಡ್‌ಗಂಟ ನಾನ್ ಬಂದು ತೋರಿಸ್ತೀನಿ."

"ಇರಿ ಅಪ್ಪ, ಟಿವಿಎಸ್ ಈಚ್ಗೆ ತತ್ತೀನಿ," ಎಂದು ಮನೋಹರ್ ಕೊಟ್ಟಿಗೆಯ ಕಡೆ ಹೊರಟ.

ಕೆಂಪಯ್ಯ ಅಷ್ಟರಲ್ಲಿ ಕಾರಿನ ಎಡಗಡೆಗೆ ಹೋಗಿದ್ದ. ಹಿಡಿಯನ್ನು ಹೇಗೆ ಎಳೆಯಬೇಕೆಂದು ತಿಳಿಯದೆ ಒಂದೆರಡು ಸಲ ತಡಕಾಡಿ ಬಾಗಿಲು ತೆಗೆದ. ಜಗಲಿಯ ಮೇಲಿದ್ದ ಹುಚ್ಚಯ್ಯ ಎದ್ದು ನಿಂತ.

ಆರಡಿಯ ಆಳು. ತಲೆ ಬಗ್ಗಿಸಿ, ಇಷ್ಟು ಸಣ್ಣ ಕಾರಿನಲ್ಲಿ ಮೊಣಕಾಲು ಎಲ್ಲಿ ಹಿಡಿಸೀತೆಂದು ಮುದುರಿಕೊಂಡೇ ಒಳಗೆ ಕುಳಿತ. ಮೊಣಕಾಲು ಎಲ್ಲಿಗೂ ತಾಗಲಿಲ್ಲ. ಕಾಲನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟ, ಪೂರ್ತಿ ನೀಡಿದ. ಆಗಲೂ ಜಾಗ ಉಳಿದಿತ್ತು.

"ಸೀಟ್ ಬಾಳ ಹಿಂದೈತೆ ಅಪ್ಪಾಜಿ, ಮುಂದಕ್ ಎಳೀಲಾ?" ಎಂದಳು ಬದ್ರುನ್ನೀಸಾ.

"ಬ್ಯಾಡ ಕಣವ್ವ. ಸರಿಯಾಗೈತೆ."

ಕಾರು ಓಣಿಯನ್ನು ಹೆದರಿ ಹೆದರಿ ದಾಟಿ, ಮೇನ್ ರೋಡಿನ ಅಂಚಿಗೆ ಬಂದು ನಿಂತಿತು. ಅವಳು ಚನ್ನಪಟ್ಟಣದ ಕಡೆಗೆ ಇಂಡಿಕೇಟರ್ ಹಾಕಿ, ಅವನು ಇಳಿಯಲೆಂದು ಕಾದಳು. ಕಲ್ಲು ಲಾರಿ ಒಂದು ಹೋಯಿತು, ಬಸ್ಸು ಹೋಯಿತು, ಆಮೇಲೆ ರಸ್ತೆ ಖಾಲಿಯಾಯಿತು. ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಕೆಂಪಯ್ಯ ಎರಡು ಕೈಗಳನ್ನೂ ಮೊಣಕಾಲ ಮೇಲಿಟ್ಟುಕೊಂಡು, ಮುಂದಿನ ಗಾಜಿನಾಚೆ ನೋಡುತ್ತ ಕುಳಿತೇ ಇದ್ದ.