ಕಟ್ಟೋ ಫಂಡಲ್ಲ, ಕೊಡೋ ಸ್ಟೈಪೆಂಡು

ಇಂಗ್ಲಿಷಿನ ಕಾಗದ ಕಂಡರೆ ನಮ್ಮ ಕಡೆಯ ಜನ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಕೋರ್ಟಿನ ನೋಟೀಸು ಇಂಗ್ಲಿಷು, ಕರೆಂಟಿನ ಬಿಲ್ಲು ಇಂಗ್ಲಿಷು, ಮಗನ ಕಾಲೇಜಿನ ಫೀಜಿನ ಚೀಟಿಯೂ ಇಂಗ್ಲಿಷು. ಆ ಭಾಷೆ ಮನೆಗೆ ಬಂದಾಗಲೆಲ್ಲ ಏನಾದರೊಂದು ಕಿತ್ತುಕೊಂಡೇ ಹೋಗಿದೆ.

ಕುರುಗೋಡಿನ ಪೀರಸಾಬನೂ ಇದಕ್ಕೆ ಹೊರತಲ್ಲ. ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವನ ಕಸುಬು. ಅವನು ಮುಟ್ಟಿದ ಹಂಡೆಯಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಬಹುದು ಎಂದು ಊರವರು ಹೇಳುತ್ತಿದ್ದರು. ಮಗ ಸೈಫುದ್ದೀನ್ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ರೂಮು ಮಾಡಿಕೊಂಡು ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದ. ಪರೀಕ್ಷೆ ಮುಗಿಸಿ ಬಂದವನು ಅಪ್ಪನ ಪಕ್ಕ ಕುಳಿತು ಒಲೆಗೆ ಗಾಳಿಯೂದುವ ತಿದಿ ಒತ್ತುತ್ತಿದ್ದ. ಮದುವೆಯ ಕಾಲ, ಪಾತ್ರೆ ರಾಶಿ ಬಿದ್ದಿತ್ತು. ಪೀರಸಾಬನ ಬಲಭುಜ ಹೋದ ಚಳಿಗಾಲದಿಂದ ಮೇಲೇಳುತ್ತಿರಲಿಲ್ಲ. ಹಾಗಾಗಿ ಅವನು ಮನಸ್ಸಿನಲ್ಲೇ ನಿಶ್ಚಯ ಮಾಡಿಬಿಟ್ಟಿದ್ದ: ಹುಡುಗ ಓದಿದ್ದು ಸಾಕು, ಜೂನ್ ತಿಂಗಳಿಂದ ಕಾಯಂ ಆಗಿ ಕಸುಬಿಗೆ ಕೂಡಲಿ. ಇದನ್ನು ಹೆಂಡತಿ ಕುಲ್ಸುಂಬೀಗೆ ಹೇಳಿದ್ದ. ಮಗನಿಗೆ ಹೇಳಲು ಬಾಯಿ ಬಂದಿರಲಿಲ್ಲ.

ಒಂದು ಭಾನುವಾರ ಗುರುಬಸಮ್ಮ ಎರಡು ಕೊಳಗ ಹೊರಿಸಿಕೊಂಡು ಬಂದಳು. ಕುರುಗೋಡಿನ ಮಗಳೇ, ಸೈಫುದ್ದೀನನ ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್. ಗಾಜಿನ ನಳಿಕೆ ತೊಳೆಯುವುದು ಅವಳ ಕೆಲಸ, ಕಾಲೇಜಿನ ಪ್ರತಿಯೊಂದು ಸುದ್ದಿ ತಿಳಿದುಕೊಳ್ಳುವುದು ಅವಳ ಹವ್ಯಾಸ. ಕೊಳಗ ಇಳಿಸಿದವಳೇ ಸೈಫುದ್ದೀನನನ್ನು ಕೇಳಿದಳು.

"ಏನೋ ಸೈಫು, ಫಾರಂ ತುಂಬಿದೇನು? ಬುಧವಾರ ಕಡೀ ದಿನ ಐತಿ."

"ಯಾವ ಫಾರಂ ಬೇ?" ಎಂದ ಪೀರಸಾಬ್.

ಹುಡುಗ ತಿದಿ ಒತ್ತುವುದನ್ನು ನಿಲ್ಲಿಸದೆ ಹೇಳಿದ. "ಸಿರುಗುಪ್ಪದ ಹತ್ರ ಸಂಶೋಧನಾ ಕೇಂದ್ರ ಐತಲ್ಲ ಅಬ್ಬಾ, ಅಲ್ಲೀದು. ಉಪ್ಪು ಏಳೋ ಚೌಡು ಭೂಮಿ ಹೆಂಗ ಸುಧಾರಸಬೇಕು ಅಂತ ಹುಡುಕ್ತಾರ. ರಜಾದಾಗ ಎರಡು ತಿಂಗಳು ಕಾಲೇಜು ಹುಡುಗರನ್ನ ಜೋಡಿ ಸೇರಿಸ್ಕೊಂತಾರಂತ."

"ಮತ್ತ ತುಂಬಾಕ ಏನ್ ಧಾಡಿ?" ಎಂದಳು ಗುರುಬಸಮ್ಮ.

"ತಿಂಗಳಿಗೆ ನೂರೈವತ್ತು ಸ್ಟೈಪೆಂಡ್ ಅಂತ ಬರದಾರ ಅಕ್ಕಾ. ಅಷ್ಟು ಎಲ್ಲಿಂದ ತಂದು ಕಟ್ಲಿ?"

ಗುರುಬಸಮ್ಮ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು ನೋಡಿ, ಕೊಳಗದ ಮೇಲೆ ಕೈಯೂರಿ ಕುಳಿತೇಬಿಟ್ಟಳು.

ನಗುವ ಮಾತೇ ಸರಿ, ಆದರೆ ಹುಡುಗನ ಲೆಕ್ಕವನ್ನೂ ಸ್ವಲ್ಪ ನೋಡಿ. ನೂರೈವತ್ತೆಂದರೆ ಆಗ ಸಣ್ಣ ರೊಕ್ಕವಲ್ಲ. ಕಾಲೇಜಿಗೆ ಸೇರಿದಾಗ ಲೈಬ್ರರಿ ಫಂಡು ಕಟ್ಟಿದ್ದ, ಆಟದ ಫಂಡು ಕಟ್ಟಿದ್ದ, ಬಿಲ್ಡಿಂಗ್ ಫಂಡೂ ಕಟ್ಟಿದ್ದ. ಸ್ಟೈಪೆಂಡು ಆ ಫಂಡುಗಳ ದಾಯಾದಿಯೇ ಇರಬೇಕೆಂದು ರೂಮಿನ ನಾಲ್ಕೂ ಹುಡುಗರು ಕೂಡಿ ತೀರ್ಮಾನಿಸಿದ್ದರು. ನಾಲ್ವರಲ್ಲಿ ಒಬ್ಬನೂ ಮೇಷ್ಟ್ರ ಹತ್ತಿರ ಹೋಗಿ ಅರ್ಥ ಕೇಳಲಿಲ್ಲ. ಬಿ.ಎಸ್ಸಿ. ಓದುವವನಿಗೆ ಅಷ್ಟೂ ತಿಳಿಯದೇ ಎಂದಾರು ಎಂಬ ನಾಚಿಕೆ. ಈ ನಾಚಿಕೆ ಎಷ್ಟು ಮಕ್ಕಳ ದಾರಿ ತಿಂದಿದೆಯೋ ದೇವರೇ ಬಲ್ಲ.

"ಅದು ನೀ ಕಟ್ಟೋದಲ್ಲೋ ಹುಚ್ಚಪ್ಪಾ, ಅವರು ನಿನಗ ಕೊಡೋದು!" ಎಂದಳು ಗುರುಬಸಮ್ಮ ಕಣ್ಣೊರೆಸಿಕೊಂಡು. "ಕಲೀತಾ ಕೆಲಸ ಮಾಡಿದ್ದಕ್ಕ ತಿಂಗಳಾ ತಿಂಗಳಾ ನೂರೈವತ್ತು ರೂಪಾಯಿ."

ಸೈಫುದ್ದೀನನ ಕೈ ನಿಂತಿತು. ಪೀರಸಾಬನ ಹುಬ್ಬು ಗಂಟಾಯಿತು.

"ಕಲಿಯೋನಿಗೆ ರೊಕ್ಕ ಕೊಡೋ ದುನಿಯಾ ಎಲ್ಲೈತಿ ಗುರುಬಸಮ್ಮಾ? ನಾನು ನಮ್ಮ ಉಸ್ತಾದನ ಮನ್ಯಾಗ ಮೂರು ವರ್ಷ ನೀರು ಹೊತ್ತೀನಿ, ಆಡು ಮೇಸೀನಿ. ಆಮ್ಯಾಲ ಅವ ನನಗ ತವರ ಮುಟ್ಟಾಕ ಕೊಟ್ಟ. ಇದ್ರಾಗ ಏನೋ ಮೋಸ ಐತಿ. ಬಾಂಡ್ ಬರಸ್ಕೊಂಡು ಹುಡುಗನ್ನ ಯಾವ ಊರಿಗಿ ಒಗೀತಾರೋ."

"ಬಾಂಡೂ ಇಲ್ಲ, ಗೀಂಡೂ ಇಲ್ಲ. ಎರಡು ತಿಂಗಳು ಆದ ಮ್ಯಾಲ ಕಾಲೇಜಿಗಿ ವಾಪಸ್ ಬರ್ತಾನ. ಅದಿರ್ಲಿ ಪೀರಸಾಬಣ್ಣ, ಆ ಮೂರು ವರ್ಷ ನಿನಗ ಊಟಕ್ಕ ಹಾಕಿದೋರು ಯಾರು?"

"ನಮ್ಮಣ್ಣ."

"ಅಣ್ಣ ಇಲ್ಲದ ಹುಡುಗ ಆಗಿದ್ರ?"

ಪೀರಸಾಬ್ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟ. ಅಂಥ ಒಬ್ಬ ಹುಡುಗ ಇದ್ದ. ಇವನ ಜೊತೆಗೇ ಉಸ್ತಾದನ ಬಳಿ ಸೇರಿದವನು. ಉಸ್ತಾದನ ಕಣ್ಣು ತಪ್ಪಿಸಿ ತವರವನ್ನು ಒಂದೇ ಕೈಯಲ್ಲಿ ಬಟ್ಟೆ ಹಾಸಿದಂತೆ ಹರಡುತ್ತಿದ್ದ. ಮನೆಯಲ್ಲಿ ಕೂಳಿಗೆ ಗತಿಯಿಲ್ಲದೆ ತಿಂಗಳೊಳಗೆ ಬಿಟ್ಟು ಮೂಟೆ ಹೊರಲು ಹೋದ.

"ಅವನ ಕೈ ನನ್ನ ಕೈಗಿಂತ ಚೊಲೋ ಇತ್ತು," ಎಂದ ಪೀರಸಾಬ್ ಮೆಲ್ಲಗೆ.

"ಅದನ್ನ ನಾನೂ ಹೇಳೋದು. ಮೊದ್ಲು ಆ ಕೇಂದ್ರದಾಗೂ ಬಿಟ್ಟಿ ಕೆಲಸನ ಇತ್ತು. ಬಿಟ್ಟಿ ಕೆಲಸಕ್ಕ ಯಾರ ಮಕ್ಕಳು ಬರ್ತಾರ? ಹೊಟ್ಟಿ ತುಂಬಿದೋರ ಮಕ್ಕಳು. ರಜಾದಾಗ ದುಡೀಲೇಬೇಕಾದ ಹುಡುಗ ಎಷ್ಟು ಶ್ಯಾಣ್ಯಾ ಇದ್ರೂ ಬರಾಂಗಿಲ್ಲ. ಅಂಥೋರೂ ಬರ್ಲಿ ಅಂತನ ಈಗ ರೊಕ್ಕ ಇಟ್ಟಾರ. ಅದು ದಾನ ಅಲ್ಲಣ್ಣ, ದುಡಿದಿದ್ದಕ್ಕ ಕೊಡೋದು."

"ತಿದಿ ಯಾರು ಒತ್ತಬೇಕು? ನನ್ನ ಭುಜ ನೋಡಿದ್ಯಲ್ಲ."

ಬಾಗಿಲಲ್ಲಿ ನಿಂತಿದ್ದ ಕುಲ್ಸುಂಬೀ ಹೊರಗೆ ಬಂದಳು. "ನಾನು ಒತ್ತತೀನಿ."

"ಜನ ಏನಂತಾರ?"

"ಜನ ಪಾತ್ರಿ ಬೆಳ್ಳಗಾತೇನು ಅಂತ ನೋಡ್ತಾರ. ತಿದಿ ಯಾರು ಒತ್ತಿದ್ರು ಅಂತ ಯಾರು ಕೇಳ್ತಾರ್ರಿ?"

ಹೆಂಡತಿ ಹಾಗೆ ಅಂದ ಮೇಲೆ ಪೀರಸಾಬನಿಗೆ ಉಳಿದದ್ದು ಒಂದೇ ಅಂಜಿಕೆ. ಫಾರಮ್ಮಿನಲ್ಲಿ 'ತಂದೆಯ ಉದ್ಯೋಗ' ಎಂಬ ಸಾಲು ಬಂದಾಗ ಅವನು ಮಗನ ಕಿವಿಯಲ್ಲಿ ಹೇಳಿದ. "ಯಾಪಾರ ಅಂತ ಬರಿಯಪ್ಪ. ಕಲಾಯಿ ಅಂತ ಕಂಡ್ರ ಬಾಗಲದಾಗ ನಿಂದರಸಾರು." ಸೈಫುದ್ದೀನ್ ತಲೆಯಾಡಿಸಿದ. ಬರೆದದ್ದೇನೆಂದು ಅಪ್ಪನಿಗೆ ಓದಲು ಬರುತ್ತಿರಲಿಲ್ಲ.

ಹತ್ತು ದಿನಕ್ಕೆ ಸಂದರ್ಶನಕ್ಕೆ ಕರೆ ಬಂತು. ತೆಕ್ಕಲಕೋಟೆ ದಾಟಿ ಸಿರುಗುಪ್ಪದ ಬಸ್ಸಿನಲ್ಲಿ ತಂದೆ ಮಗ ಇಬ್ಬರೂ ಹೋದರು. ಮೂವತ್ತನಾಲ್ಕು ಹುಡುಗರು ಸೇರಿದ್ದರು. ಕೆಲವರು ತಮ್ಮ ತಮ್ಮಲ್ಲೇ ಇಂಗ್ಲಿಷ್ ಮಾತಾಡುತ್ತಿದ್ದರು. ಅದು ಕೇಳಿ ಅಂಜಿದ ಪೀರಸಾಬ್ ಪಡಸಾಲೆಯ ಕಿಟಕಿಯ ಕೆಳಗೆ, ಒಳಗಿನ ಮಾತು ಕೇಳಿಸುವಂತೆ ಕುಳಿತ.

"ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಅನುಭವ ಉಂಟೇನಪ್ಪ?" ಸೈಫುದ್ದೀನನ ಸರದಿ ಬಂದಾಗ ಒಳಗಿದ್ದ ದೊಡ್ಡ ಅಧಿಕಾರಿ ಕೇಳಿದರು.

"ಕಾಲೇಜಿಂದು ಬಿಟ್ರ ಬ್ಯಾರೆ ಇಲ್ರಿ," ಎಂದ ಸೈಫುದ್ದೀನ್. ಸ್ವಲ್ಪ ತಡೆದು, "ಆದ್ರ ಹತ್ತು ವರ್ಷದಿಂದ ತಿದಿ ಒತ್ತೀನ್ರಿ. ಫಾರಮ್ಮಿನ್ಯಾಗ ಬರದೀನಿ. ನಮ್ಮ ತಂದಿ ಕಲಾಯಿ ಮಾಡ್ತಾರ."

ಪೀರಸಾಬ್ ಕಣ್ಣು ಮುಚ್ಚಿಕೊಂಡ. ಮುಗಿಯಿತು, ಇನ್ನು ನಗುತ್ತಾರೆ ಎಂದುಕೊಂಡ. ಯಾರೂ ನಗಲಿಲ್ಲ. ಕುರ್ಚಿ ಮುಂದಕ್ಕೆ ಎಳೆದ ಸದ್ದಾಯಿತು.

"ಹೌದೇ? ಹಾಗಾದರೆ ಹೇಳು, ಪಾತ್ರೆಗೆ ನವಸಾಗರ ಯಾಕೆ ಹಾಕುತ್ತಾರೆ?"

"ತಾಮ್ರ ಕಾಸಿದ್ರ ಮ್ಯಾಲ ಕರೀ ಪದರ ಕಟ್ಟತೈತ್ರಿ. ಅದು ಇದ್ರ ತವರ ಹಿಡಿಯಾಂಗಿಲ್ಲ. ನವಸಾಗರ ಕಾಯ್ದು ಒಡೆದಾಗ ಆಮ್ಲ ಹುಟ್ಟತೈತಿ, ಅದು ಆ ಪದರ ತಿಂದು ತೆಗಿತೈತ್ರಿ."

"ಶಾಖ ಸರಿಯಾಗಿದೆ ಅಂತ ಹೇಗೆ ತಿಳಿಯುತ್ತದೆ? ಅಳೆಯುವ ಉಪಕರಣ ಇರುವುದಿಲ್ಲವಲ್ಲ."

"ಅದು ನಮ್ಮ ತಂದಿಗಿ ಗೊತ್ರಿ. ಹೊರಗ ಕುಂತಾರ."

ಪೀರಸಾಬನನ್ನು ಒಳಗೆ ಕರೆದರು. ಚಪ್ಪಲಿ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು ನಿಂತ. ಅಧಿಕಾರಿ ಕುರ್ಚಿ ತೋರಿಸಿ ಕೂಡಿಸಿದರು.

"ಒಂದು ಚಿಟಿಕಿ ನವಸಾಗರ ಒಗೀತೀನ್ರಿ," ಎಂದ ಪೀರಸಾಬ್. ಕಸುಬಿನ ಮಾತು ಬಂದ ಮೇಲೆ ದನಿ ಗಟ್ಟಿಯಾಯಿತು. "ಬಿಳೀ ಹೊಗಿ ದಪ್ಪಗ ಒಮ್ಮಿಗೇ ಎದ್ರ ಕಾದೈತಿ ಅಂತ. ಮೆಲ್ಲಗ ಎದ್ರ ಇನ್ನೂ ಹಸಿ. ತವರದ ಕಡ್ಡಿ ಮುಟ್ಟಿಸಿದ್ರ ಬೆಣ್ಣಿ ಜಾರಿದಂಗ ಜಾರಬೇಕ್ರಿ."

ಅಧಿಕಾರಿ ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡರು. ಪೀರಸಾಬನ ಮಾತನ್ನು ಒಬ್ಬರು ಕಾಗದದ ಮೇಲೆ ಇಳಿಸಿಕೊಂಡದ್ದು ಅವನ ಜನ್ಮದಲ್ಲೇ ಮೊದಲು. ಬಸ್ಸಿನಲ್ಲಿ ಮರಳುವಾಗ ದಾರಿಯುದ್ದಕ್ಕೂ ಅವನು ಮಗನ ಕೈ ಬಿಡಲಿಲ್ಲ.

"ಯಾಪಾರ ಅಂತ ಯಾಕ ಬರೀಲಿಲ್ಲಲೇ?" ಎಂದು ಒಮ್ಮೆ ಕೇಳಿದ.

"ನಿಜ ಅಲ್ಲಲ್ಲ ಅಬ್ಬಾ."

ಆರಿಸಿದ್ದು ಎಂಟೇ ಜನರನ್ನು. ಎಂಟರಲ್ಲಿ ಸೈಫುದ್ದೀನನ ಹೆಸರು ಮೂರನೆಯದು! ಅಂಚೆಯವನು ಕಾಗದ ಓದಿ ಹೇಳುತ್ತಲೇ ಪೀರಸಾಬ್ ಓಣಿಗೆಲ್ಲ ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ತರಿಸಿದ. ಕುಲ್ಸುಂಬೀ ತಿದಿ ಒತ್ತುತ್ತಲೇ ಅತ್ತಳು, ಒತ್ತುತ್ತಲೇ ನಕ್ಕಳು. ಬೇಸಿಗೆ ಕಳೆಯಿತು. ಹುಡುಗ ಮೂರನೆಯ ವರ್ಷದ ಫೀಜನ್ನು ತಾನೇ ದುಡಿದ ರೊಕ್ಕದಲ್ಲಿ ಕಟ್ಟಿ ಕಾಲೇಜಿಗೆ ಹೋದ. ಕಸುಬಿಗೆ ಕೂಡು ಎಂಬ ಮಾತನ್ನು ಪೀರಸಾಬ್ ಮತ್ತೆ ಎತ್ತಲಿಲ್ಲ.

ಮರುವರ್ಷ ನೋಟೀಸು ಬರುವ ಹೊತ್ತಿಗೆ ಅವನು ಕಲಾಯಿಗೆಂದು ಹೋದ ಊರಲ್ಲೆಲ್ಲ ಇದೇ ಮಾತು. ಪಾತ್ರೆಗಿಂತ ಮೊದಲು ಮನೆಯ ಮಕ್ಕಳ ಓದು ವಿಚಾರಿಸುತ್ತಿದ್ದ. ಸಿರಿಗೇರಿಯ ರೈತ ಗಾದಿಲಿಂಗಪ್ಪನ ಮಗಳು ಹೊನ್ನೂರಮ್ಮ ಬಿ.ಎಸ್ಸಿ. ಓದುತ್ತಿದ್ದಳು. ಗಾದಿಲಿಂಗಪ್ಪ ಛೇಡಿಸಿದ.

"ಫಾರಮ್ಮಿನ ವಿಚಾರ ನನಗ ಹೇಳ್ತೀಯಲ್ಲ ಪೀರಸಾಬ್, ನಿನಗೇನು ಓದಾಕ ಬರ್ತೈತಾ?"

"ಓದಾಕ ಬರಾಂಗಿಲ್ಲ ಗೌಡ್ರ," ಎಂದ ಪೀರಸಾಬ್. "ಕೇಳಾಕ ಬರ್ತೈತಿ. ನನ್ನ ಮಗ ಕೇಳಾಕ ನಾಚಿದ್ದಕ್ಕ ಇದು ತಪ್ಪೇ ಹೋಗ್ತಿತ್ತು. ನೀವು ನಾಚಬ್ಯಾಡ್ರಿ."

ಆ ವರ್ಷ ಕುರುಗೋಡು, ಸಿರುಗುಪ್ಪದ ಹಳ್ಳಿಗಳಿಂದ ಹತ್ತೊಂಬತ್ತು ಮಕ್ಕಳು ಅರ್ಜಿ ಹಾಕಿದರು. ಐವರು ಆಯ್ಕೆಯಾದರು. ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಹೊನ್ನೂರಮ್ಮನ ಹೆಸರಿತ್ತು.

ಇನ್ನು ನಿಮ್ಮ ಮನೆಗೆ ಬರೋಣ. ನಿಮ್ಮ ಮಗನೋ ಮಗಳೋ ವಿಜ್ಞಾನ ಓದುತ್ತಿದ್ದರೆ ಕಾಲೇಜಿನ ನೋಟೀಸು ಬೋರ್ಡಿನಲ್ಲಿ ಏನಿದೆ ಎಂದು ವಾರಕ್ಕೊಮ್ಮೆ ವಿಚಾರಿಸಿ. ತಿಳಿಯದ ಶಬ್ದ ಬಂದರೆ ಮೇಷ್ಟ್ರನ್ನೋ ಗುಮಾಸ್ತರನ್ನೋ ಅಟೆಂಡರನ್ನೋ, ಯಾರು ಸಿಕ್ಕರೂ ಹಿಡಿದು ನಿಲ್ಲಿಸಿ ಅರ್ಥ ಕೇಳಿ. ಅರ್ಜಿಯಲ್ಲಿ ಮನೆಯ ಕಸುಬು ಮುಚ್ಚಿಡಬೇಡಿ. ಮಗ್ಗವಾಗಲಿ, ಗದ್ದೆಯಾಗಲಿ, ಗಾಣವಾಗಲಿ, ನಿಮ್ಮ ಮಕ್ಕಳು ಕೈಯಿಂದ ಕಲಿತದ್ದೂ ವಿದ್ಯೆಯೇ. ಕಾಲೇಜಿನವರಲ್ಲೂ ಒಂದು ಬೇಡಿಕೆ: ನೋಟೀಸಿನ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯಿರಿ, ರೊಕ್ಕ ಯಾರು ಯಾರಿಗೆ ಕೊಡುತ್ತಾರೆಂದು ದಪ್ಪ ಅಕ್ಷರದಲ್ಲಿ ತಿಳಿಸಿ. ಎರಡು ಹೊತ್ತಿನ ಊಟದ ಚಿಂತೆಯಲ್ಲಿ ಒಂದು ಜಾಣ ಮಗುವೂ ಪ್ರಯೋಗಾಲಯದ ಹೊರಗೆ ಉಳಿಯಬಾರದು. ನಾಳೆ ಬೆಳಿಗ್ಗೆಯೇ ಕಾಲೇಜಿಗೆ ಹೋಗಿ, ಬಾಯಿ ಬಿಟ್ಟು ಕೇಳಿ.