ಸೋಫಾದ ಎಡಭಾಗ

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೋಣೆ ಜೋಡಿಸುವಾಗ ಯಾರಾದರೂ ಬಾಯಿ ಹಾಕಿದರೆ ಅವರ ಕಥೆ ಮುಗಿದಂತೆ. ಜನರ ಮನೆಗೆ ಹೋಗಿ ಅವರ ಹಾಲ್ ಚೆಂದ ಮಾಡಿಕೊಡುವುದು ನಮ್ಮಿಬ್ಬರ ಕಸುಬು. ನೋಡುವುದು ಅವಳು, ಎತ್ತುವುದು ನಾನು. ಅವಳ ಕಣ್ಣಳತೆಗೆ ಊರಲ್ಲೆಲ್ಲ ಹೆಸರಿದೆ. ನನ್ನ ಸೊಂಟಕ್ಕೆ ಔಷಧಿ ಅಂಗಡಿಯಲ್ಲಿ ಹೆಸರಿದೆ.

ಆ ದಿನ ನಾವು ಹೋದದ್ದು ಒಬ್ಬ ವಕೀಲೆಯ ಮನೆಗೆ. ನಾವಿಬ್ಬರೂ ಅವರನ್ನು ಲಾಯರಮ್ಮ ಎನ್ನುತ್ತಿದ್ದೆವು. ಹೊಸ ಮನೆ, ಹೊಸ ಕಾರ್ನರ್ ಸೋಫಾ. ಬಾಗಿಲಲ್ಲಿ ನಿಂತು ನೋಡಿದರೆ ಅದರ ಉದ್ದನೆಯ ಭಾಗ ಎಡಗಡೆಯ ಗೋಡೆಯುದ್ದಕ್ಕೂ ಮಲಗಿತ್ತು. ಮೂಲೆಯಲ್ಲಿ ತಿರುಗಿಕೊಂಡ ಗಿಡ್ಡ ಭಾಗ ಎದುರಿನ ಗೋಡೆಗೆ ಒರಗಿತ್ತು. ಬೂದು ಬಣ್ಣ, ಆನೆಯಂಥ ಗಾತ್ರ. ಇಂಥ ಸೋಫಾ ಇಡೀ ಕೋಣೆಯನ್ನು ತನ್ನ ಮೂಲೆಗೆ ಎಳೆದುಕೊಳ್ಳುತ್ತದೆ, ಅದಕ್ಕೆ ಎದುರು ಬದಿಯಲ್ಲಿ ತೂಕದ್ದೇನಾದರೂ ಇಡಬೇಕು, ಎತ್ತರದ ದೀಪವೋ ಪುಸ್ತಕದ ಕಪಾಟೋ, ಎಂದು ಅಕ್ಕ ಎಲ್ಲರಿಗೂ ಹೇಳುತ್ತಾಳೆ. ಹಾಗೆಂದು ಸೋಫಾದ ಬದಿಯನ್ನು ಬರಿದಾಗಿ ಬಿಡುವಂತೆಯೂ ಇಲ್ಲ. ಅದರ ಹಿಂದಿನ ಗೋಡೆಗೆ ಚಿತ್ರ, ಮೈಮೇಲೆ ದಿಂಬು, ಕಾಲ ಬಳಿ ಜಮಖಾನ ಬೇಕೇ ಬೇಕು. ಸಮತೂಕವೆಂದರೆ ಅವಳಿಗೆ ಅಷ್ಟು ಸಲೀಸು. ನನಗೆ ಇಷ್ಟು ವರ್ಷವಾದರೂ ಅದು ತಲೆಗೆ ಹತ್ತಿಲ್ಲ, ಭುಜಕ್ಕೆ ಮಾತ್ರ ಹತ್ತಿದೆ.

ಬೆಳಗ್ಗೆ ವ್ಯಾನನ್ನು ಆ ಮನೆಯ ಗೇಟಿನೊಳಗೆ ತರುವಾಗ ಅಕ್ಕ ಅದರ ಎಡಬದಿಯನ್ನು ಕಂಬಕ್ಕೆ ಉಜ್ಜಿದಳು. "ಇಲ್ಲಿ ತಂದು ಕಂಬ ನೆಟ್ಟ ಪುಣ್ಯಾತ್ಮ ಯಾರೇ?" ಎಂದು ಕಂಬಕ್ಕೇ ಬೈದಳು. ನಾನು ನಕ್ಕೆ. ಒಳಗೆ ಬಂದು ಹಾಲ್‌ನ ಬಾಗಿಲಲ್ಲಿ ನಿಂತವಳು ಮತ್ತೆ ಮುಖ ಸಿಂಡರಿಸಿದಳು.

"ಕಾರ್ನರ್ ಸೋಫಾ, ಕಾರ್ನರ್ ಸೋಫಾ ಅಂತ ಫೋನಲ್ಲಿ ಅಷ್ಟು ಬಡ್ಕೊಂಡ್ರಲ್ಲ, ನೋಡಿದ್ರೆ ಇಬ್ಬರು ಕೂರೋ ಬೆಂಚು!"

ಗಿರಾಕಿಗಳ ಸಾಮಾನನ್ನು ಆಡಿಕೊಳ್ಳುವುದು ಅವಳ ಹಳೆಯ ಚಾಳಿ. ಇದೂ ತಮಾಷೆಯೇ ಎಂದುಕೊಂಡು ದೀಪವನ್ನು ಹೊತ್ತು ತಂದೆ.

ದೀಪ ಬಲಗಡೆಗೆ ಎಂದಳು. ಸರಿಯೇ. ಪುಸ್ತಕದ ಕಪಾಟೂ ಬಲಗಡೆಗೆ. ಅದೂ ಸರಿ. ಆಮೇಲೆ ಒಂಟಿ ಕುರ್ಚಿಯನ್ನು ದೀಪದ ಪಕ್ಕಕ್ಕೆ ತರಿಸಿದಳು, ಎರಡು ದೊಡ್ಡ ಗಿಡದ ಕುಂಡಗಳನ್ನು ಕುರ್ಚಿಯ ಪಕ್ಕಕ್ಕೆ ಇರಿಸಿದಳು. ಜಮಖಾನವನ್ನು ಬಲಕ್ಕೆ ಎಳಿ, ಇನ್ನೂ ಎಳಿ ಎಂದು ಕಪಾಟಿನ ಅಡಿಗೇ ತೂರಿಸಿದಳು. ಚಿತ್ರಗಳೆಲ್ಲ ಬಲಗಡೆಯ ಗೋಡೆಯ ಮೇಲೆ ಒಂದಕ್ಕೊಂದು ಒತ್ತಿಕೊಂಡು ಕೂತವು. ದಿಂಬುಗಳನ್ನು ಗಿಡ್ಡ ಭಾಗದ ತುದಿಯಲ್ಲಿ ಒಂದರ ಮೇಲೊಂದು ಪೇರಿಸಿದಳು. ಮೇಲಿನ ದಿಂಬು ಜಾರಿ ಬಿತ್ತು.

"ಜಾಗಾನೇ ಸಾಲ್ತಿಲ್ಲ ನೋಡು," ಎಂದಳು.

ನಾನು ಸೋಫಾದ ಎಡಭಾಗವನ್ನು ನೋಡಿದೆ. ಆರು ಜನ ಕಾಲು ಚಾಚಿ ಮಲಗುವಷ್ಟು ಜಾಗ ಅಲ್ಲಿ ಬಿದ್ದಿತ್ತು. ಹಿಂದಿನ ಗೋಡೆ ಬೋಳು. "ಅಕ್ಕಾ, ಆ ಕಡೆ ಏನೂ ಇಡಲ್ವಾ?" ಎಂದೆ.

"ಯಾವ ಕಡೆ?"

"ಎಡಗಡೆ."

"ಎಲ್ಲಾ ಸಮ ಆಗಿದೆ. ಪೆದ್ದಿ, ನಿನ್ನ ಕೆಲಸ ನೀನು ನೋಡ್ಕೋ."

ಯಾವುದೋ ಹೊಸ ಫ್ಯಾಶನ್ ಇರಬೇಕು, ಕೇಳಿದರೆ ಮತ್ತೆ ಪೆದ್ದಿಯಾಗುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಲಾಯರಮ್ಮ ಟೀ ತಂದರು. ಕೋಣೆ ನೋಡಿ ಅವರ ಹುಬ್ಬು ಒಂದು ಕ್ಷಣ ಮೇಲೇರಿತು, ಆಮೇಲೆ ಕಷ್ಟಪಟ್ಟು ಕೆಳಗಿಳಿಯಿತು. ಕೋರ್ಟಿನಲ್ಲಿ ಜಡ್ಜಿಗೇ ಎದುರುತ್ತರ ಕೊಡುವ ಹೆಂಗಸು ಅಕ್ಕನ ಹೆಸರಿಗೆ ಹೆದರಿ ಮೆತ್ತಗಾಗಿದ್ದರು.

"ಚೆನ್ನಾಗಿದೆ... ಈಗೆಲ್ಲ ಹೀಗೇ ಅಲ್ವಾ ಬಂದಿರೋದು?" ಎಂದು ನನ್ನ ಕಿವಿಯಲ್ಲಿ ಕೇಳಿದರು. ನಾನೂ ತಲೆಯಾಡಿಸಿದೆ. ಇಬ್ಬರು ಬುದ್ಧಿವಂತೆಯರು ಸೇರಿ ಅರ್ಧ ಕೋಣೆ ಖಾಲಿ ಇರುವುದನ್ನು ಒಪ್ಪಿಕೊಂಡೆವು.

ಅಕ್ಕ ಕುರ್ಚಿಯಲ್ಲಿ ಕೂತಳು. ಲಾಯರಮ್ಮ ಟೀ ಕಪ್ಪನ್ನು ಅವಳ ಎಡಗೈ ಪಕ್ಕದ ಸ್ಟೂಲಿನ ಮೇಲಿಟ್ಟರು. ನಾನು ನನ್ನ ಟೀ ಮುಗಿಸಿದೆ. ಅವಳ ಕಪ್ಪಿನ ಮೇಲೆ ಕೆನೆ ಕಟ್ಟಿತು.

"ನನಗಿಲ್ವಾ ಟೀ?" ಎಂದಳು ಅಕ್ಕ.

ಲಾಯರಮ್ಮ ನಕ್ಕರು. ಅಕ್ಕ ನಗಲಿಲ್ಲ. ಅವಳ ಮುಖದಲ್ಲಿ ನಿಜವಾದ ಬೇಸರವಿತ್ತು. ಸೆಕೆಗೆ, ಬೆಳಗ್ಗೆಯಿಂದ ತಲೆಗೆ ಸುತ್ತಿಕೊಂಡಿದ್ದ ಶಾಲನ್ನು ಬಲಗೈಯಿಂದ ಎಳೆದು ತೆಗೆದಳು. ಬಲಗಡೆಯ ಕೂದಲು ನುಣ್ಣಗೆ ಬಾಚಿತ್ತು. ಎಡಗಡೆಯದು ಹಾಸಿಗೆಯಿಂದ ಎದ್ದ ಹಾಗೇ ಇತ್ತು. ಬಲಗಿವಿಯಲ್ಲಿ ಓಲೆ ಇತ್ತು, ಎಡಗಿವಿಯಲ್ಲಿ ಇರಲಿಲ್ಲ.

ಇದು ಫ್ಯಾಶನ್ ಅಲ್ಲ, ಎಡಗಡೆ ಎಂಬುದೇ ಅವಳ ಪಾಲಿಗೆ ಇಲ್ಲವಾಗಿದೆ ಎಂದು ಆಗ ತಿಳಿಯಿತು.

ನಮ್ಮ ಅಮ್ಮ ಒಂದು ಬೆಳಗ್ಗೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಯೆಲ್ಲ ಓಡಾಡಿದ್ದಳು. ಅವಳ ಮರೆವು ಎಂದು ನಾವೆಲ್ಲ ನಕ್ಕಿದ್ದೆವು. ಸಂಜೆಯ ಹೊತ್ತಿಗೆ ಅವಳ ಮಾತು ನಿಂತಿತ್ತು. ಮೆದುಳಿಗೆ ರಕ್ತ ಹೋಗುವುದು ನಿಂತಿದೆ, ಬೆಳಗ್ಗೆಯೇ ಕರೆದುಕೊಂಡು ಬರಬೇಕಿತ್ತು ಎಂದಿದ್ದರು ಡಾಕ್ಟರು. ಆ ಮಾತು ಈಗ ನನ್ನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಅಕ್ಕ ವ್ಯಾನನ್ನು ಕಂಬಕ್ಕೆ ಉಜ್ಜಿದ್ದು ಬೆಳಗ್ಗೆ. ಆಗಿನಿಂದ ಎಷ್ಟು ಹೊತ್ತು ಹಾಳಾಯಿತು!

ಅವಳ ಮುಂದೆ ಮಂಡಿಯೂರಿ ಕೂತೆ. "ಅಕ್ಕಾ, ಎಡಗೈ ಎತ್ತು ನೋಡೋಣ."

"ಯಾಕೆ?"

"ಸುಮ್ನೆ ಎತ್ತೇ."

"ಎತ್ತಿದೀನಲ್ಲ," ಎಂದಳು.

ಆ ಕೈ ಅವಳ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಬೆರಳೂ ಅಲುಗಿರಲಿಲ್ಲ. ಲಾಯರಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಂಬುಲೆನ್ಸಿಗೆ ಫೋನ್ ಮಾಡಿ ಎಂದು ನಾನು ಕಣ್ಣಲ್ಲೇ ಹೇಳಿದೆ. ಅವರು ಫೋನ್ ಹಿಡಿದು ಅಡುಗೆಮನೆಗೆ ಓಡಿದರು.

"ಅಕ್ಕಾ, ನಿನಗೆ ಹುಷಾರಿಲ್ಲ. ಆಸ್ಪತ್ರೆಗೆ ಹೋಗೋಣ."

"ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ. ಕೆಲಸ ಮುಗೀತು, ನಡಿ." ಬಲಗೈಯಲ್ಲಿ ವ್ಯಾನಿನ ಕೀ ಹಿಡಿದು ಎದ್ದಳು. ಎದ್ದವಳು ವಾಲಿದಳು, ಕಪಾಟು ಹಿಡಿದು ನಿಂತಳು.

"ಕೀ ಕೊಡು, ನಾನು ಓಡಿಸ್ತೀನಿ."

"ಕೈ ಬಿಡೇ! ನನ್ನ ವ್ಯಾನು, ನಾನೇ ಓಡಿಸ್ತೀನಿ."

ಅವಳು ಮೊದಲಿನಿಂದಲೂ ನನಗಿಂತ ಗಟ್ಟಿ. ಜಗ್ಗಾಡಿದರೆ ಬೀಳುತ್ತಾಳೆ ಎಂಬ ಭಯ, ಬಿಟ್ಟರೆ ರಸ್ತೆಗೆ ಹೋಗುತ್ತಾಳೆ ಎಂಬ ಭಯ. ರಸ್ತೆಯ ಎಡಗಡೆ ನಡೆಯುವ ಜನರೆಲ್ಲ ನನ್ನ ಕಣ್ಣ ಮುಂದೆ ಬಂದರು. ಹೋಗಬೇಡ ಎಂದರೆ ಅವಳು ಖಂಡಿತ ಹೋಗುತ್ತಾಳೆ. ಅವಳನ್ನು ನಿಲ್ಲಿಸುವ ಶಕ್ತಿ ಇದ್ದದ್ದು ಕೆಲಸಕ್ಕೆ ಮಾತ್ರ.

"ಕನ್ನಡಿ ನೋಡದೆ ಹೋಗ್ತೀಯಾ?" ಎಂದೆ.

ನಿಂತಳು. ಕೆಲಸ ಮುಗಿದ ಮೇಲೆ ಅಕ್ಕ ಕೋಣೆಗೆ ಬೆನ್ನು ತಿರುಗಿಸಿ ನಿಂತು, ಒಂದು ಕೈಗನ್ನಡಿಯಲ್ಲಿ ಅದನ್ನು ನೋಡುತ್ತಾಳೆ. ನೋಡಿ ನೋಡಿ ಕಣ್ಣಿಗೆ ಒಗ್ಗಿಹೋದ ತಪ್ಪು ಕನ್ನಡಿಯಲ್ಲಿ ಎದ್ದು ಕಾಣುತ್ತದೆ ಎನ್ನುತ್ತಾಳೆ. ಬಲಗಡೆ ಇದ್ದದ್ದು ಆಗ ಎಡಗಡೆಗೆ ಬರುತ್ತದೆ, ಎಡಗಡೆಯದು ಬಲಗಡೆಗೆ. ಹಾಗೆ ನೋಡದೆ ಅವಳು ಯಾವ ಮನೆಯಿಂದಲೂ ಹೊರಟವಳಲ್ಲ. ಅವಳ ಚೀಲದಿಂದ ಕನ್ನಡಿ ತೆಗೆದುಕೊಟ್ಟೆ. ಕೀಯನ್ನು ಕಪಾಟಿನ ಮೇಲಿಟ್ಟು, ಗೊಣಗುತ್ತಾ ನನ್ನ ಆಸರೆಯಲ್ಲಿ ಬಾಗಿಲಿಗೆ ಬಂದು ಕೋಣೆಗೆ ಬೆನ್ನು ತಿರುಗಿಸಿದಳು. ನಾನು ಅವಳ ಸೊಂಟ ಹಿಡಿದು ನಿಂತೆ.

ಕನ್ನಡಿ ಎತ್ತಿದಳು.

"ಇಷ್ಟುದ್ದ ಸೋಫಾ ಯಾವಾಗ ತಂದ್ರು?" ಎಂದಳು.

ಅವಳ ಸೊಂಟವನ್ನು ಇನ್ನೂ ಬಿಗಿಯಾಗಿ ಹಿಡಿದೆ.

"ದೀಪ ಎಲ್ಲಿ? ಕಪಾಟೆಲ್ಲಿ? ನಾನು ಇಟ್ಟಿದ್ದನ್ನೆಲ್ಲಾ ಯಾರೇ ಎತ್ಕೊಂಡ್ ಹೋದ್ರು?"

ಸಿಟ್ಟಿನಿಂದ ಗಿರಕ್ಕನೆ ತಿರುಗಿದಳು. ದೀಪ ಇತ್ತು, ಕಪಾಟು ಇತ್ತು, ಗಿಡಗಳಿದ್ದವು. ಸೋಫಾ ಮತ್ತೆ ಬೆಂಚಾಗಿರಬೇಕು. ಮತ್ತೆ ಬೆನ್ನು ತಿರುಗಿಸಿ ಕನ್ನಡಿ ನೋಡಿದಳು. ಬರೀ ಸೋಫಾ, ಬೋಳು ಗೋಡೆ. ಮತ್ತೆ ತಿರುಗಿದಳು. ಹೀಗೆ ತಿರುಗುತ್ತಾ ತಿರುಗುತ್ತಾ ಅವಳ ಮುಖದಿಂದ ಸಿಟ್ಟು ಇಳಿದುಹೋಯಿತು. ಅದರ ಜಾಗಕ್ಕೆ ಬಂದದ್ದನ್ನು ನಾನು ಅವಳ ಮುಖದಲ್ಲಿ ಅದುವರೆಗೆ ಕಂಡಿರಲಿಲ್ಲ. ಅಮ್ಮ ಸತ್ತಾಗಲೂ ಕಂಡಿರಲಿಲ್ಲ.

"ಇದನ್ನ ಯಾರು ಜೋಡಿಸಿದ್ದು?" ಎಂದು ಮೆಲ್ಲಗೆ ಕೇಳಿದಳು.

"ನೀನೇ ಅಕ್ಕಾ."

"ನನ್ನ ಕಣ್ಣಿಗೆ ಸಮ ಕಾಣ್ತಿದೆ ಕಣೇ. ಈಗ್ಲೂ ಸಮ ಕಾಣ್ತಿದೆ." ಕನ್ನಡಿಯನ್ನು ಕೆಳಗಿಳಿಸಿದಳು. "ಇನ್ನೂ ಏನೇನು ಕಾಣ್ತಿಲ್ಲ ನನಗೆ?"

ಅವಳನ್ನು ಸೋಫಾದ ಮೇಲೆ ಮಲಗಿಸಿದೆ. ಅವಳು ಬೆಂಚು ಎಂದಿದ್ದ ಸೋಫಾದ ಆ ಉದ್ದನೆಯ ಭಾಗದ ಮೇಲೆಯೇ. ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡವಳು ಆಂಬುಲೆನ್ಸ್ ಬರುವವರೆಗೆ ಬಿಡಲಿಲ್ಲ.

ಆಂಬುಲೆನ್ಸಿನಲ್ಲಿ ನರ್ಸಮ್ಮ ಅವಳ ಬಲಗಡೆ ಕೂತರು. ನಾನು ಎಡಗಡೆ ಕೂತು, ಅವಳ ಎಡಗೈಯನ್ನು ನನ್ನ ಎರಡು ಕೈಯೊಳಗೆ ಇಟ್ಟುಕೊಂಡೆ. ಅದು ಒದ್ದೆ ಬಟ್ಟೆಯ ಹಾಗೆ ತಣ್ಣಗೆ, ಭಾರವಾಗಿತ್ತು. ಸೈರನ್ ಕೂಗುತ್ತಿತ್ತು. ಅಕ್ಕ ತಲೆಯನ್ನು ಬಲಕ್ಕೆ ಹೊರಳಿಸಿ ಗೋಡೆ, ನಳಿಗೆ, ನರ್ಸಮ್ಮನ ಮುಖ ಎಲ್ಲವನ್ನೂ ಹುಡುಕುತ್ತಿದ್ದಳು.

"ನನ್ನ ತಂಗಿ ಎಲ್ಲಿ?" ಎಂದು ನರ್ಸಮ್ಮನನ್ನು ಕೇಳಿದಳು. "ಅವಳು ಬರ್ಲಿಲ್ವಾ?"

"ಇಲ್ಲೇ ಇದೀನಿ ಅಕ್ಕಾ," ಎಂದೆ.

ನನ್ನ ದನಿ ಕೇಳಿ ಅವಳ ಕಣ್ಣು ಇನ್ನಷ್ಟು ಬಲಕ್ಕೆ ಹೋಯಿತು. "ಎಲ್ಲಿ? ಪೆದ್ದೀ, ಎಲ್ಲಿದೀಯಾ?" ಜಾತ್ರೆಯ ಜನರ ನಡುವೆ ಕೈ ತಪ್ಪಿದ ಚಿಕ್ಕ ಮಗುವಿನ ಹಾಗೆ ಕೂಗಿದಳು. ಅವಳ ಕೈಯನ್ನು ಗಟ್ಟಿಯಾಗಿ ಅದುಮಿದೆ. ಅವಳಿಗೆ ಅದು ತಿಳಿಯಲಿಲ್ಲ.

ಗಾಡಿ ಓಡುತ್ತಿರುವಾಗ ಏಳಬಾರದು ಎಂದು ನರ್ಸಮ್ಮ ಗದರಿದರು. ನಾನು ಎದ್ದೆ. ಬೀಳುತ್ತಾ ಏಳುತ್ತಾ ಅವಳ ಕಾಲ ಬಳಿಯಿಂದ ಆಚೆಗೆ ದಾಟಿ, ನರ್ಸಮ್ಮನ ಪಕ್ಕಕ್ಕೆ ನುಗ್ಗಿ ಕೂತೆ. ಅಕ್ಕ ನನ್ನನ್ನು ನೋಡಿದಳು. ಕಣ್ಣಿಂದ ನೀರು ಸುರಿಯಿತು. "ಎಲ್ಲಿಗೆ ಹೋಗಿದ್ದೆ ನನ್ನ ಬಿಟ್ಟು?" ಎಂದು ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಎಲ್ಲೂ ಹೋಗಿಲ್ಲ ಅಕ್ಕಾ."

ಆಚೆ ಬದಿಯಲ್ಲಿ ಅವಳ ಎಡಗೈ ಹಾಸಿಗೆಯಿಂದ ಜಾರಿ ನೇತಾಡುತ್ತಿತ್ತು. ಇಲ್ಲಿಂದ ಅದು ನನಗೆ ಎಟುಕುತ್ತಿರಲಿಲ್ಲ. ನೀವು ದಯವಿಟ್ಟು ಆ ಕಡೆ ಹೋಗಿ ಆ ಕೈ ಹಿಡ್ಕೊಳ್ಳಿ, ಅದು ಅವಳದೇ, ಎಂದು ನರ್ಸಮ್ಮನನ್ನು ಬೇಡಿಕೊಂಡೆ.